ಇಪ್ಪತ್ಮೂರು ವರ್ಷ ಆದಮೇಲೆ ಅದೇ ಲೈಬ್ರರಿ ಬಾಗಿಲಲ್ಲಿ



ಸ್ವಲ್ಪ ಉದ್ದ ಬರೀತಿದೀನಿ, ಬಿಡುವಾದಾಗ ಓದಿ.

ಹೋದ ತಿಂಗಳು ಒಂದು ದಿನ ರಜಾ ಹಾಕಿ, ಬೀರೂರಲ್ಲಿ ರೈಲು ಹತ್ತಿ, ನಾನು ಬಿಎ ಓದಿದ ಊರಿಗೆ ಹೋಗಿದ್ದೆ. ಮದುವೆಗಲ್ಲ, ಸಮಾವೇಶಕ್ಕೂ ಅಲ್ಲ. ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಒಂದು ಹಳೇ ಪುಸ್ತಕ ನೋಡಬೇಕಿತ್ತು. 2002ರಲ್ಲಿ ಕಾರ್ಡು ವಾಪಸ್ ಕೊಟ್ಟು, ಬಾಕಿ ಇಲ್ಲ ಅಂತ ಸಹಿ ಹಾಕಿಸಿಕೊಂಡು ಬಂದವನು ಮತ್ತೆ ಆ ಮೆಟ್ಟಿಲು ಹತ್ತಿದ್ದು ಇಪ್ಪತ್ಮೂರು ವರ್ಷ ಆದಮೇಲೆ. ವಿಶ್ವವಿದ್ಯಾಲಯದ ಹೆಸರು ಬರೆಯಲ್ಲ. ಬರೆದರೆ ಬಾಗಿಲಲ್ಲಿ ಕೂತಿದ್ದ ಹೊರಗುತ್ತಿಗೆ ಹುಡುಗನಿಗೆ ನೋಟಿಸ್ ಹೋಗುತ್ತೆ, ಮೇಲಿನವರಿಗೆ ಏನೂ ಆಗಲ್ಲ. ಹೆಸರು ಗೊತ್ತಾಗಿ ಉಪಯೋಗವೂ ಇಲ್ಲ.

ವಿಷಯ ಶುರುವಾಗಿದ್ದು ಅಜ್ಜಂಪುರದ ಕಡೆಯ ಒಂದು ಹಳ್ಳಿಯಿಂದ. ಅಲ್ಲೊಬ್ಬರು ಅಜ್ಜಿ ಇದ್ದಾರೆ. ಅವರ ಮಾವನಿಗೆ 1946ರಲ್ಲಿ, ಮೈಸೂರು ಮಹಾರಾಜರ ಸರ್ಕಾರ ಇದ್ದಾಗ, ಎರಡೂವರೆ ಎಕರೆ ಮಂಜೂರಾಗಿತ್ತು. 1974ರಲ್ಲಿ ಯಾವುದೋ ಸಾಲಕ್ಕೆ, ಯಾವುದೋ ಮದುವೆ ಖರ್ಚಿಗೆ ಅದು ಕೈ ಬಿಟ್ಟು ಹೋಯ್ತು. ಈಗ ಅಲ್ಲಿ ಈರುಳ್ಳಿ ಬೆಳೀತಾರೆ. ಅಜ್ಜಿ ಅದೇ ಹೊಲಕ್ಕೆ ಕೂಲಿಗೆ ಹೋಗಿ ಈರುಳ್ಳಿ ಕಿತ್ತು ಬಂದಿದ್ದಾರೆ.

ಪಿಟಿಸಿಎಲ್ ಕಾಯ್ದೆ ನಿಮಗೆ ನಾನು ಹೇಳಿಕೊಡಬೇಕಿಲ್ಲ. 1978ರ ಕಾಯ್ದೆ, 1979ರ ಜನವರಿ 1ರಿಂದ ಜಾರಿ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಮೇಲೆ ನೂರಾರು ಕೇಸು ಬಿದ್ದುಹೋದವು. ಆಮೇಲೆ ಧರಣಿ ಕೂತು ಕೂತು 2023ರಲ್ಲಿ ತಿದ್ದುಪಡಿ ತಂದೆವು. ಆ ಧರಣಿಯಲ್ಲಿದ್ದವರು ಇದನ್ನ ಓದ್ತಿರೋರಲ್ಲೂ ಇದ್ದೀರಿ. ಆದರೆ ಒಂದು ಸೂಕ್ಷ್ಮ ಇದೆ, ಹೊಸಬರಿಗಾಗಿ ಹೇಳ್ತೀನಿ. ಕಾಯ್ದೆ ಬರೋದಕ್ಕೆ ಮುಂಚೆಯೇ ಮಾರಿದ ಜಮೀನಾದರೆ, ಮಂಜೂರಾತಿಯ ಷರತ್ತು ಮುರಿದು ಮಾರಿದ್ದಾರೆ ಅಂತ ತೋರಿಸಬೇಕು. ಎಂದೆಂದಿಗೂ ಮಾರಬಾರದು ಅಂತ ಷರತ್ತಿತ್ತಾ, ಇಲ್ಲಾ ಹತ್ತು, ಹದಿನೈದು, ಇಪ್ಪತ್ತು ವರ್ಷ ಅಂತಿತ್ತಾ? ಅಜ್ಜಿಯ ಜಮೀನು ಮಾರಾಟ ಆಗಿದ್ದು ಮಂಜೂರಾಗಿ ಇಪ್ಪತ್ತೆಂಟು ವರ್ಷಕ್ಕೆ. ಇಡೀ ಕೇಸು ಆ ಒಂದು ಸಾಲಿನ ಮೇಲೆ ನಿಂತಿದೆ. ಸಾಗುವಳಿ ಚೀಟಿಯ ಆ ಸಾಲಿದ್ದ ಕಡೆಯೇ ಗೆದ್ದಲು ತಿಂದಿದೆ. ಮೇಲಿನ ಅರ್ಧ ಉಳಿದಿದೆ, ವರ್ಷ ಕಾಣುತ್ತೆ, ಮಾವನ ಹೆಸರು ಕಾಣುತ್ತೆ, ಷರತ್ತು ಇಲ್ಲ.

ಹಾಗಾಗಿ 1946ರಲ್ಲಿ ನಮ್ಮವರಿಗೆ ಜಮೀನು ಕೊಡುವಾಗ ಯಾವ ನಿಯಮ ಜಾರಿಯಲ್ಲಿತ್ತು ಅಂತ ಮೂಲ ಪುಸ್ತಕದಲ್ಲೇ ತೋರಿಸಬೇಕು. ತರೀಕೆರೆಯಲ್ಲಿ ವಿಚಾರಣೆ. ಎದುರು ಪಾರ್ಟಿಯ ವಕೀಲರು ಒಂದು ದಪ್ಪ ರಟ್ಟಿನ ಪುಸ್ತಕ ತಂದಿದ್ದರು. ಅವರದು ವಕೀಲಿಕೆಯಲ್ಲಿ ಮೂರನೇ ತಲೆಮಾರು. ತಾತ ಕೊಂಡಿದ್ದ ಪುಸ್ತಕ. ಅದರಿಂದ ತಮಗೆ ಬೇಕಾದ ನಾಲ್ಕು ಸಾಲು ಓದಿ ಮುಚ್ಚಿದರು. ಹೊರಗೆ ಬಂದಾಗ ನಮ್ಮ ವಕೀಲ, ಕೇರಿಯ ಹುಡುಗ, 'ಸರ್, ಒಂದ್ಸಲ ನೋಡಿ ಕೊಡ್ತೀನಿ' ಅಂದ. ಅವರು ನಕ್ಕು, 'ಲೈಬ್ರರಿಗೆ ಹೋಗಪ್ಪ, ಇರುತ್ತೆ' ಅಂದು ಪುಸ್ತಕ ಚೀಲಕ್ಕೆ ಹಾಕಿಕೊಂಡರು.

ಅವತ್ತು ರಾತ್ರಿ ಕಡೂರಿಗೆ ಬಸ್ಸಲ್ಲಿ ಬರುವಾಗ ಥಟ್ಟನೆ ನೆನಪಾಯ್ತು. ಅಂಥ ಪುಸ್ತಕಗಳನ್ನ ನಾನು ನೋಡಿದ್ದೀನಿ. ಅವುಗಳ ಪಕ್ಕ ಮೂರು ವರ್ಷ ಕೂತಿದ್ದೀನಿ.

ಹಾಸ್ಟೆಲ್‌ನಲ್ಲಿ ಒಂದು ರೂಮಿಗೆ ಎಂಟು ಜನ ಇದ್ದೆವು. ಒಂದು ಟ್ಯೂಬ್‌ಲೈಟು, ಅದೂ ಮಿಣಮಿಣ. ಓದಬೇಕು ಅಂದರೆ ಲೈಬ್ರರಿಗೇ ಹೋಗಬೇಕು. ಮೊದಲ ದಿನ ಕೌಂಟರಿನಲ್ಲಿ 'ಯಾವ ಪುಸ್ತಕ ಬೇಕು?' ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕಕ್ಕೆ ಹೆಸರು ಹೇಳಿ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಅಲ್ಲಿವರೆಗೆ ನನ್ನ ಪಾಲಿಗೆ ಪುಸ್ತಕ ಅಂದರೆ ಸ್ಕೂಲಲ್ಲಿ ಕೊಟ್ಟಿದ್ದು. ವಾಪಸ್ ಬಂದುಬಿಟ್ಟೆ. ಒಂದು ವಾರ ಪೇಪರ್ ಓದುವ ಹಾಲ್‌ನಲ್ಲೇ ಕೂತೆ. ಆಮೇಲೆ ಸೀನಿಯರ್ ಒಬ್ಬ, ಗುಲ್ಬರ್ಗ ಕಡೆಯವನು, ಕೈ ಹಿಡಿದು ಕಪಾಟುಗಳ ನಡುವೆ ಕರಕೊಂಡು ಹೋಗಿ ಸಿದ್ದಲಿಂಗಯ್ಯನವರ 'ಊರುಕೇರಿ' ತೋರಿಸಿದ. ಒಂದೇ ಕೂತಿಗೆ ಓದಿ ಮುಗಿಸಿದೆ. ಕೇರಿಯ ಬದುಕು ಅಚ್ಚಾಗುತ್ತೆ, ಅದನ್ನ ನಂಬರು ಹಾಕಿ ಕಪಾಟಿನಲ್ಲಿ ಇಡ್ತಾರೆ ಅಂತ ಅವತ್ತು ಗೊತ್ತಾಯ್ತು.

ನನ್ನ ಖಾಯಂ ಜಾಗ ಹಿಂದಿನ ಕೋಣೆಯ ಕಿಟಕಿ ಪಕ್ಕ. ಅಲ್ಲಿ ಯಾರೂ ಬರ್ತಿರಲಿಲ್ಲ, ಫ್ಯಾನು ಒಬ್ಬನದೇ. ಕೆಳಗಿನ ಸಾಲಿನಲ್ಲಿ ಗಂಡಭೇರುಂಡದ ಮುದ್ರೆ ಇದ್ದ ಮೈಸೂರು ಸರ್ಕಾರದ ಪುಸ್ತಕಗಳು. ಗೆಜೆಟಿಯರ್, ವರದಿ, ರೆವಿನ್ಯೂ ಮ್ಯಾನ್ಯುಯಲ್. ಊರು ನೆನಪಾದಾಗ ನಾನು ತೆಗೀತಿದ್ದದ್ದು ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟ, 1901ರದ್ದು. ಅದರ ಮೇಲೆ 'ಕಡೂರು ಜಿಲ್ಲೆ' ಅಂತಿದೆ. ಈಗಿನವರಿಗೆ ಗೊತ್ತಿಲ್ಲ, 1947ರವರೆಗೆ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ನಮ್ಮೂರಿನ ಹೆಸರು ಅಷ್ಟು ದೊಡ್ಡ ಪುಸ್ತಕದ ಬೆನ್ನ ಮೇಲೆ ಇರೋದು ನೋಡಿ ಸುಮ್ಮನೆ ಖುಷಿ.

ಆ ಶಾಸನಗಳಲ್ಲಿ ಏನಿದೆ? ಬಹಳಷ್ಟು ಭೂದಾನ. ದೇವಸ್ಥಾನಕ್ಕೆ, ಬ್ರಾಹ್ಮಣರಿಗೆ, ಮಠಕ್ಕೆ ಕೊಟ್ಟ ಜಮೀನು. ಮೂಡಲಿಗೆ ಯಾವ ಕಲ್ಲು, ಪಡುವಲಿಗೆ ಯಾವ ಹಳ್ಳ ಅಂತ ಎಲ್ಲೆ ಗುರುತು. ಕೊನೆಯಲ್ಲಿ ಶಾಪ: ಈ ದಾನವನ್ನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ ಅಂತ. ಆಗ ಅದನ್ನ ಓದಿ ನಗು ಬರ್ತಿತ್ತು. ಈಗ ಅಜ್ಜಿಯ ಸಾಗುವಳಿ ಚೀಟಿ ಕೈಯಲ್ಲಿ ಹಿಡಿದಾಗ ನಗು ಬರಲಿಲ್ಲ. ಅವರಿಗೆ ಕೊಟ್ಟ ಭೂಮಿ ಕಲ್ಲಿನ ಮೇಲೆ ಶಾಪದ ಸಮೇತ ಇದೆ. ಆ ಕಲ್ಲನ್ನ ಇಂಗ್ಲಿಷಿನವನು ನಕಲು ಮಾಡಿ, ಅಚ್ಚು ಹಾಕಿ, ಲೈಬ್ರರಿಯಲ್ಲಿ ಇಟ್ಟಿದ್ದಾನೆ. ನಮ್ಮವರಿಗೆ ಕೊಟ್ಟದ್ದು ಒಂದು ತೆಳು ಕಾಗದ, ಟ್ರಂಕಿನಲ್ಲಿ, ಗೆದ್ದಲಿನ ಜೊತೆ. ನಮಗೆ ಕೊಟ್ಟಿದ್ದಕ್ಕೂ ನಿಯಮ ಇತ್ತು, ಅಚ್ಚಾಗಿತ್ತು. ಆದರೆ ಆ ಪುಸ್ತಕ ಎದುರು ವಕೀಲರ ಚೀಲದಲ್ಲಿದೆ.

ಹಾಗಾಗಿ ಹೋದೆ.

ಬಾಗಿಲಲ್ಲಿ ಈಗ ಕಾರ್ಡು ಉಜ್ಜಿದರೆ ತಿರುಗೋ ಕಬ್ಬಿಣದ ಕಂಬಿ. 'ಐಡಿ ಸರ್.' 'ಹಳೇ ವಿದ್ಯಾರ್ಥಿನಪ್ಪ.' 'ಹಳೇ ವಿದ್ಯಾರ್ಥಿ ಕಾರ್ಡು?' ಅದು ಇರೋದೇ ನನಗೆ ಗೊತ್ತಿರಲಿಲ್ಲ. ಕಚೇರಿಗೆ ಕಳಿಸಿದ. ಅಲ್ಲಿದ್ದ ಮೇಡಂ ಒರಟಾಗಿ ಮಾತಾಡಲಿಲ್ಲ, ಕೂರಿ ಅಂದರು. ಅರ್ಜಿ, ಎರಡು ಫೋಟೊ, ಠೇವಣಿ, ಆಮೇಲೆ ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರ. ಒಂದು ವಾರ ಆಗುತ್ತೆ. ಲ್ಯಾಮಿನೇಷನ್ ಮಾಡಿಸಿದ್ದ ಬಿಎ ಮಾರ್ಕ್ಸ್ ಕಾರ್ಡು ತೋರಿಸಿದೆ. 'ಇದು 2002ರದ್ದು ಸರ್' ಅಂದರು. ಗೊತ್ತು ಮೇಡಂ. ನನಗೆ ಪಾಠ ಮಾಡಿದ ಮೇಷ್ಟ್ರುಗಳಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಉಳಿದವರು ರಿಟೈರ್ಡು. ಶಿಫಾರಸು ಯಾರ ಹತ್ತಿರ ತರಲಿ? ನಾನೂ ಗುಮಾಸ್ತನೇ. ಈ ತರ 'ಆಗಲ್ಲ ಸರ್, ರೂಲ್ಸು' ಅಂತ ಎಷ್ಟು ಜನರಿಗೆ ನಾನೇ ಹೇಳಿದ್ದೀನೋ ಅಂತ ಅನ್ನಿಸಿ, ವಾದ ಮಾಡದೆ ಎದ್ದು ಬಂದೆ.

ಆಮೇಲೆ ಒಳಗೆ ಹೇಗೆ ಹೋದೆ ಅನ್ನೋದನ್ನ ಪೂರ್ತಿ ಬರೆಯಲ್ಲ. ಹೊರಗೆ ಟೀ ಕುಡೀತಾ ಕೂತಿದ್ದಾಗ ಬಾಗಿಲಿನ ಹುಡುಗ ನನ್ನ ಫೋನಿನ ಹಿಂದೆ ಬಾಬಾಸಾಹೇಬರ ಚಿತ್ರ ನೋಡಿದ. 'ಅಣ್ಣ, ಜೈಭೀಮ್. ಯಾವೂರು?' ಅಷ್ಟು ಸಾಕಾಯ್ತು. ಪಿಎಚ್‌ಡಿ ಮಾಡ್ತಿರೋ ನಮ್ಮ ಹುಡುಗಿಯೊಬ್ಬಳು ಬಂದು ಜವಾಬ್ದಾರಿ ತಗೊಂಡಳು. ರಿಜಿಸ್ಟರಿನಲ್ಲಿ ಸಹಿ ಹಾಕಿದೆ. 'ಉದ್ದೇಶ' ಅಂತ ಒಂದು ಕಾಲಂ ಇತ್ತು, 'ಓದಲು' ಅಂತ ಬರೆದೆ.

ಹಿಂದಿನ ಕೋಣೆ ಈಗ ಕಂಪ್ಯೂಟರ್ ವಿಭಾಗ. ಕಿಟಕಿಗೆ ಎಸಿ ಕೂರಿಸಿದ್ದಾರೆ. ಹಳೇ ಪುಸ್ತಕಗಳನ್ನ ಕೆಳಗಿನ ದಾಸ್ತಾನು ಕೋಣೆಗೆ ಹಾಕಿ, ದಾರ ಕಟ್ಟಿ ಇಟ್ಟಿದ್ದರು. ಮುಂದಿನ ವರ್ಷ ರಿಟೈರ್ ಆಗೋ ಅಟೆಂಡರ್ ಒಬ್ಬರು ಬೀಗ ತೆಗೆದು ದೀಪ ಹಾಕಿ ಕೊಟ್ಟರು. ಸೀನುಗಳ ಮಧ್ಯೆ ಮುಕ್ಕಾಲು ಗಂಟೆ ಹುಡುಕಿದ ಮೇಲೆ ಮ್ಯಾನ್ಯುಯಲ್ ಸಿಕ್ಕಿತು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ ನೋಡಿದೆ. ಕೊನೇ ದಿನಾಂಕದ ಮುದ್ರೆ 1991.

ಮೂವತ್ತನಾಲ್ಕು ವರ್ಷ ಯಾರೂ ಮುಟ್ಟದ ಪುಸ್ತಕ ಒಳಗೆ. ಅದು ಬೇಕಾಗಿದ್ದವನು ಹೊರಗೆ, ಟೀ ಕುಡೀತಾ. ನನ್ನ ಸಿಟ್ಟೆಲ್ಲ ಇಷ್ಟೇ.

ಪುಟ ಮುರೀತಿತ್ತು, ಜೆರಾಕ್ಸ್ ಬೇಡ ಅಂದರು, ಫೋನಲ್ಲಿ ಹದಿನಾಲ್ಕು ಪುಟ ಫೋಟೊ ತಗೊಂಡೆ. ನಿಯಮದಲ್ಲಿ ಏನಿತ್ತು ಅಂತ ಇಲ್ಲಿ ಬರೆಯಲ್ಲ, ಕೇಸು ನಡೀತಿದೆ. ಎದುರು ವಕೀಲರು ಓದಿದ ನಾಲ್ಕು ಸಾಲಿನ ಕೆಳಗೆ ಐದನೇ ಸಾಲು ಒಂದಿತ್ತು ಅನ್ನೋದಷ್ಟು ಹೇಳ್ತೀನಿ.

ಅಜ್ಜಿಗೆ ಫೋನಲ್ಲಿ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, 'ಇದ್ರಾಗೆ ನಮ್ಮಾವನ ಹೆಸರೈತೇನಪ್ಪಾ?' ಅಂದರು. 'ಇಲ್ಲ ಅಜ್ಜಿ, ಹೆಸರಿಲ್ಲ, ಕಾನೂನೈತೆ.' 'ಹೆಸರಿಲ್ದೆ ಮತ್ತೆ ಹೆಂಗ್ ಕೊಡ್ತಾರೆ?' ಅಂದು ಸುಮ್ಮನಾದರು.

ಈಗ ನನ್ನ ಮಾತಿಗೆ ಬರ್ತೀನಿ.

ನಮ್ಮಲ್ಲಿ ಮೊದಲ ತಲೆಮಾರು ಓದಿದವರಿಗೆ ಮನೆಯಲ್ಲಿ ಪುಸ್ತಕದ ಕಪಾಟು ಇರಲಿಲ್ಲ. ಅಪ್ಪ ಬಿಟ್ಟುಹೋಗಿದ್ದು ಚಾಟಿ, ತಮಟೆ, ಸಾಲ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಂದು ಲೈಬ್ರರಿ ನಮಗೂ ಸಿಗುತ್ತೆ. ಪರೀಕ್ಷೆ ಮುಗಿದ ತಿಂಗಳೇ ಕಾರ್ಡು ಕಿತ್ಕೋತಾರೆ. ನಿಜವಾಗಿ ಪುಸ್ತಕ ಬೇಕಾಗೋದು ಆಮೇಲೆ: ಅರ್ಜಿ ಬರೆಯುವಾಗ, ಕೇಸು ನಡೆಸುವಾಗ, ಸ್ಮಶಾನದ ಜಾಗಕ್ಕೆ ತಹಶೀಲ್ದಾರರ ಮುಂದೆ ನಿಂತಾಗ. ತೋಟಿ, ತಳವಾರ, ನೀರಗಂಟಿ ಇನಾಮು ಜಮೀನಿನ ಗಲಾಟೆಗಳು ಇವತ್ತಿಗೂ ಇವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೈಯಲ್ಲಿ ಹಿಡಿದು ಓದಿದವರು ನಮ್ಮ ಮೂರು ತಾಲ್ಲೂಕಲ್ಲಿ ಎಷ್ಟು ಜನ ಇದ್ದೀರಿ ಹೇಳಿ. ತಾತನ ಕಪಾಟು ಇರೋರಿಗೆ ಲೈಬ್ರರಿ ಬಾಗಿಲು ಮುಚ್ಚಿದರೂ ನಡೆಯುತ್ತೆ. ನಮಗೆ ನಡೆಯಲ್ಲ.

ಇದನ್ನ ಮಹಾಡದ ಕೆರೆಗೆ ಹೋಲಿಸಿ ಒಬ್ಬ ಗೆಳೆಯ ಸ್ಟೇಟಸ್ ಹಾಕಿದ್ದ. ನಾನು ಒಪ್ಪಲ್ಲ. 1923ರಲ್ಲಿ ಬೋಳೆಯವರ ನಿರ್ಣಯ ಸಾರ್ವಜನಿಕ ಕೆರೆ, ಬಾವಿಗಳನ್ನ ಕಾಗದದ ಮೇಲೆ ತೆರೆದಿದ್ದರೂ, 1927ರ ಮಾರ್ಚ್ 20ರಂದು ನೀರು ಮುಟ್ಟಿದವರು ಏಟು ತಿಂದರು. ನನಗೆ ಲೈಬ್ರರಿ ಬಾಗಿಲಲ್ಲಿ ಯಾರೂ ಜಾತಿ ಕೇಳಲಿಲ್ಲ, ಹೊಡೆಯಲಿಲ್ಲ, ಕುರ್ಚಿ ಕೊಟ್ಟರು. ಎಲ್ಲದಕ್ಕೂ ಮಹಾಡ ಅಂದರೆ ಮಹಾಡಕ್ಕೇ ಬೆಲೆ ಇರಲ್ಲ. ಆದರೆ ಎಲ್ಲರಿಗೂ ಒಂದೇ ರೂಲ್ಸು ಇದ್ದರೂ, ಪೆಟ್ಟು ಯಾರಿಗೆ ಬೀಳುತ್ತೆ ಅನ್ನೋದನ್ನ ನೋಡಬೇಕು.

'ಈಗ ಎಲ್ಲಾ ಆನ್‌ಲೈನ್ ಇದೆಯಲ್ಲ ಅಣ್ಣ' ಅಂತ ಹುಡುಗರು ಹೇಳ್ತಾರೆ. ಬಾಬಾಸಾಹೇಬರ ಸಂಪುಟಗಳು ಫೋನಲ್ಲಿ ಪುಕ್ಕಟೆ ಸಿಗುತ್ತವೆ, ನಿಜ, ಅದು ದೊಡ್ಡ ಉಪಕಾರ. ಈ ಮ್ಯಾನ್ಯುಯಲ್‌ಗಾಗಿ ನಾನು ಎರಡು ರಾತ್ರಿ ಫೋನಲ್ಲಿ ಹುಡುಕಿದ್ದೆ, ನನಗೆ ಬೇಕಾದ ಮುದ್ರಣ ಸಿಗಲಿಲ್ಲ. ಇನ್ನೊಂದು ವಿಷಯ ಕೇಳಿ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಅಂತ ಯೋಜನೆ ಮಾಡಿತು. ವಿದೇಶಿ ಪ್ರಕಾಶಕರ ಸಂಶೋಧನಾ ಪತ್ರಿಕೆಗಳಿಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಸಂಶೋಧಕರಿಗೆ ಅಂತ. ಒಳ್ಳೇದೇ, ನಮ್ಮ ಮಕ್ಕಳೂ ಅದರಲ್ಲಿದ್ದಾರೆ. ಆದರೆ ಅಲ್ಲೂ ಸಂಸ್ಥೆಯ ಲಾಗಿನ್ ಇದ್ದವರಿಗೆ ಮಾತ್ರ. ದುಡ್ಡು ಎಲ್ಲರದು, ಓದು ಕಾರ್ಡಿದ್ದವರದು.

ಹಾಗಂತ ಸಾರ್ವಜನಿಕ ಲೈಬ್ರರಿ ಇಲ್ವಾ ಅಂತ ಕೇಳಬಹುದು. ಇದೆ. 1965ರ ಕಾಯ್ದೆ ಇದೆ. ಮನೆ ಕಂದಾಯ ಕಟ್ಟೋ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ನೂರಕ್ಕೆ ಆರು ರೂಪಾಯಿ ನೋಡಿರ್ತೀರಿ, ಗುಡಿಸಲಿನವನೂ ಕಟ್ಟುತ್ತಾನೆ. ಗ್ರಾಮ ಪಂಚಾಯ್ತಿ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅಂತಾರೆ. ಮಕ್ಕಳು ಹೋಗ್ತಾರೆ, ಪರೀಕ್ಷೆ ಪುಸ್ತಕ ಸಿಗುತ್ತೆ. ಮೈಸೂರು ಕಾಲದ ರೆವಿನ್ಯೂ ಪುಸ್ತಕ ಅಲ್ಲಿರಲ್ಲ, ಇರಬೇಕು ಅಂತ ಕೇಳೋದೂ ತಪ್ಪು. ಅದು ಇರೋದು ದೊಡ್ಡ ಲೈಬ್ರರಿಗಳಲ್ಲೇ.

ಹಾಗಾಗಿ ಬೇಡಿಕೆ ಬಹಳ ಸಣ್ಣದು. ರಾಜ್ಯದ ವಿಶ್ವವಿದ್ಯಾಲಯಗಳ ಲೈಬ್ರರಿಗಳಲ್ಲಿ ಆಧಾರ್ ತೋರಿಸಿದ ಯಾರಿಗೇ ಆಗಲಿ ಒಳಗೆ ಕೂತು ಓದೋಕೆ ಅವತ್ತಿನ ಚೀಟಿ ಕೊಡಿ. ಮನೆಗೆ ಬೇಡ. ಶಿಫಾರಸು ಪತ್ರ ಬೇಡ. ಭಾನುವಾರ ತೆರೀರಿ, ಕೂಲಿಯವನಿಗೂ ಗುಮಾಸ್ತನಿಗೂ ಅವತ್ತೇ ರಜಾ. ಪುಸ್ತಕ ಕಳುವಾಗುತ್ತೆ ಅಂತಾರೆ. ಚೀಲ ಹೊರಗಿಟ್ಟು ಹೋಗ್ತೀವಿ. ಲೈಬ್ರರಿ ಓದಿದವರೆಲ್ಲ ರಂಗನಾಥನ್ ಅವರ ಐದು ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆ ಬರೆದಿರ್ತಾರೆ. ಅವರು 1972ರಲ್ಲಿ ತೀರಿಕೊಂಡಿದ್ದು ನಮ್ಮ ಬೆಂಗಳೂರಲ್ಲೇ. ಅವರ ಮೊದಲ ಸೂತ್ರವೇ ಬಳಕೆಯ ಬಗ್ಗೆ, ಕಾವಲಿನ ಬಗ್ಗೆ ಅಲ್ಲ.

ಬಾಬಾಸಾಹೇಬರನ್ನ ನಾವು ಪುಸ್ತಕ ಹಿಡಿದ ಪ್ರತಿಮೆಯಾಗಿ ನಿಲ್ಲಿಸಿದ್ದೀವಿ. ಅವರು ಲೈಬ್ರರಿಗೆ ಮತ್ತೆ ಮತ್ತೆ ವಾಪಸ್ ಹೋದವರು ಅನ್ನೋದನ್ನ ಹೇಳೋದು ಕಮ್ಮಿ. 1917ರಲ್ಲಿ ಬರೋಡದ ವಿದ್ಯಾರ್ಥಿವೇತನ ಮುಗಿದು ಲಂಡನ್ ಬಿಟ್ಟು ಬರಬೇಕಾಯ್ತು. ಪುಸ್ತಕಗಳಿದ್ದ ಸಾಮಾನು ಬೇರೆ ಹಡಗಲ್ಲಿತ್ತು, ಯುದ್ಧದಲ್ಲಿ ಆ ಹಡಗು ಮುಳುಗಿತು. ಸಿಡೆನ್‌ಹ್ಯಾಂ ಕಾಲೇಜಲ್ಲಿ ಪಾಠ ಮಾಡಿ ಉಳಿಸಿದ ದುಡ್ಡು, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಠೇನಾ ಕೊಟ್ಟ ಸಾಲ, ಇಷ್ಟು ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬ್ರಿಟಿಷ್ ಮ್ಯೂಸಿಯಂನ ಲೈಬ್ರರಿಯಲ್ಲಿ ಕೂತು ಓದಿದರು. ಏನು ಓದ್ತಿದ್ದರು? ರೂಪಾಯಿಯ ಇತಿಹಾಸ, ಪ್ರಾಂತಗಳ ಹಣಕಾಸು, ಕಂಪನಿ ಸರ್ಕಾರದ ಹಳೇ ಲೆಕ್ಕ. 1923ರ ಮತ್ತು 1925ರ ಅವರ ಪುಸ್ತಕಗಳು ಅಂಥ ಧೂಳು ಹಿಡಿದ ಸರ್ಕಾರಿ ವರದಿಗಳ ಮೇಲೇ ನಿಂತಿವೆ. ಆಮೇಲೆ ದಾದರ್‌ನಲ್ಲಿ ರಾಜಗೃಹ ಕಟ್ಟಿದಾಗ ಪುಸ್ತಕಗಳಿಗೆ ಅಂತಲೇ ಜಾಗ ಮಾಡಿದರು.

ಇಲ್ಲಿಗೆ ಬಂದಾಗ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತೆ. ಬೇರೆಯವರ ಬಾಗಿಲ ಮಾತು ಇಷ್ಟು ಹೊತ್ತು ಆಡಿದೆ. ನಮ್ಮ ಬಾಗಿಲು?

ನಮ್ಮ ಕಡೆಯ ಅಂಬೇಡ್ಕರ್ ಭವನಗಳ ಕತೆ ನಿಮಗೆ ಗೊತ್ತು. ಗುದ್ದಲಿ ಪೂಜೆಗೆ ಒಂದು ಗಲಾಟೆ, ಉದ್ಘಾಟನೆಗೆ ಇನ್ನೊಂದು, ಕಲ್ಲಿನ ಮೇಲೆ ಯಾರ ಹೆಸರು ಮೊದಲು ಅಂತ ಮೂರನೇದು. ಆಮೇಲೆ ಬೀಗ. ಬೀಗದ ಕೈ ಯಾರೋ ಒಬ್ಬರ ಮನೆ ಗೂಟದಲ್ಲಿ. ಏಪ್ರಿಲ್ 14, ಡಿಸೆಂಬರ್ 6ಕ್ಕೆ ತೆಗೀತೀವಿ, ನಡುವೆ ಒಂದೆರಡು ಮದುವೆ. ನಮ್ಮ ಕೇರಿಯ ಭವನದಲ್ಲಿ ಶಾಮಿಯಾನದ ಕಂಬ, ಅಡಿಗೆ ಪಾತ್ರೆ, ಒಂದು ಮುರಿದ ಮೈಕ್ ಸೆಟ್ ಇವೆ. ಪುಸ್ತಕ ಒಂದೂ ಇಲ್ಲ. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಕಾರಣ ಅಲ್ಲ. ಹತ್ತು ವರ್ಷ ಆ ಸಮಿತಿಯಲ್ಲಿ ನಾನೇ ಇದ್ದೆ.

ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. ತರೀಕೆರೆಯಿಂದ ಭದ್ರಾವತಿ ಎಷ್ಟು ದೂರ? ಆಗಿನ ಅಧ್ಯಯನ ಶಿಬಿರಗಳ ಬಗ್ಗೆ ನಮ್ಮ ಹಿರಿಯರು ಮಾತಾಡುವಾಗ ಅವರ ಮುಖ ನೋಡಬೇಕು. ನಾವು ಈಗ ಮಾಡೋದು ಬೈಕ್ ರ‍್ಯಾಲಿ. ರ‍್ಯಾಲಿ ಬೇಡ ಅಂತಲ್ಲ, ಪೆಟ್ರೋಲ್ ದುಡ್ಡಲ್ಲಿ ಅರ್ಧ ಇಲ್ಲಿಗೆ ಕೊಡಿ ಅಂತ.

ಆ ಹದಿನಾಲ್ಕು ಪುಟ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿದ್ದೀನಿ. ನಮ್ಮ ಭವನದಲ್ಲಿ ಇಡೋ ಮೊದಲ ಪುಸ್ತಕ ಅದೇ. ಜೊತೆಗೆ ಪಿಟಿಸಿಎಲ್ ಕಾಯ್ದೆ ತಿದ್ದುಪಡಿ ಸಮೇತ, ಗ್ರಾಮ ಹುದ್ದೆಗಳ ಕಾಯ್ದೆ, ಭೂಕಂದಾಯ ಕಾಯ್ದೆ, ಕನ್ನಡದಲ್ಲಿ ಬಂದಿರೋ ಬಾಬಾಸಾಹೇಬರ ಸಂಪುಟಗಳಲ್ಲಿ ನನ್ನ ಹತ್ತಿರ ಇರೋ ಐದು. ಹಳೇ ತೀರ್ಪು, ಗೆಜೆಟ್, ನಿಮ್ಮ ಮನೆ ಟ್ರಂಕಿನಲ್ಲಿರೋ ಸಾಗುವಳಿ ಚೀಟಿ ಇದ್ದರೆ ತನ್ನಿ, ಫೋಟೊ ತಗೊಂಡು ಅಲ್ಲೇ ವಾಪಸ್ ಕೊಡ್ತೀವಿ. ಗೆದ್ದಲು ಬರೋದಕ್ಕೆ ಮುಂಚೆ ತನ್ನಿ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೀಗ ತೆಗೀತೀವಿ. ಬೀಗದ ಕೈ ಈಗ ನನ್ನ ಹತ್ತಿರ ಇದೆ, ಇನ್ನೆರಡು ಮಾಡಿಸಿ ಇಬ್ಬರು ಹೆಣ್ಣುಮಕ್ಕಳ ಕೈಗೆ ಕೊಡ್ತಿದೀವಿ. ಒಂದು ಹಳೇ ಬೀರು ಸಿಕ್ಕಿದೆ, ಬಾಗಿಲಿಗೆ ಕೀಲಿಲ್ಲ. ಮರಗೆಲಸ ಬರೋರು ಯಾರಾದರೂ ಇದ್ದರೆ ಸ್ಕ್ರೂಡ್ರೈವರ್ ಸಮೇತ ಬನ್ನಿ.